ಎಸ್ಸಿಟಾಲೋಪ್ರಾಂ ಜೋಡಿ ಮೊಣಕಾಲ ನೋವಿನ ಗುಳಿಗಿ ನಡೀತೈತೇನ್ರಿ?

ಉಣಕಲ್_ಹುಡುಗ:
ನಮ್ಮವ್ವಗ ಧಾರವಾಡದಾಗ ಮನಸ್ಸಿನ ಡಾಕ್ಟ್ರು ಎಸ್ಸಿಟಾಲೋಪ್ರಾಂ 10 ಎಂಜಿ ಚಾಲೂ ಮಾಡ್ಯಾರ, 12 ದಿನ ಆತು. ಹೊಟ್ಟಿ ತೊಳಸ್ತೈತಿ ಅಂತಾಳ, ಬ್ಯಾಸರಿಕಿ ಮಾತ್ರ ಹಂಗ ಐತಿ. ಅದರಾಗ ನಿನ್ನೆ ಮೊಣಕಾಲ ನೋವಿಗೆ ಓಣ್ಯಾಗಿನ ಮೆಡಿಕಲ್‌ನವ್ರು ಚೀಟಿ ಇಲ್ಲದ ಗುಳಿಗಿ ಕೊಟ್ಟಾರ, ಸ್ಟ್ರಿಪ್ ಮ್ಯಾಲೆ ಟ್ರಾಮಡಾಲ್ ಅಂತೈತಿ. ಎರಡೂ ಕೂಡಿ ನುಂಗಬಹುದಾ? ಬಾಜೂ ಮನಿ ಅಜ್ಜಿ ಬ್ಯಾರೆ ಹುಚ್ಚರ ಗುಳಿಗಿ ಅದು, ಬಿಟ್ಟಬಿಡು ಅಂತ ಅವ್ವನ ತಲಿ ತಿನ್ನಾಕತ್ತಾಳ.

ಗದಗ_ಫಾರ್ಮಸಿ:
ಟ್ರಾಮಡಾಲ್ ಕೊಡಬ್ಯಾಡ ತಮ್ಮಾ, ಮೊದ್ಲ ಆ ಡಾಕ್ಟರ್‌ಗೆ ಫೋನ್ ಹಚ್ಚು. ಮಿದುಳಿನ್ಯಾಗ ನರಕೋಶ ಸೆರೊಟೋನಿನ್ ಅನ್ನೋ ರಾಸಾಯನಿಕ ಹೊರಗ ಬಿಟ್ಟು ಆಮ್ಯಾಲೆ ತಾನ ವಾಪಸ್ ಎಳಕೊಂತೈತಿ, ಆ ಎಳಕೊಳ್ಳೋ ಬಾಗಲಾ ಮುಚ್ಚೋದ ಎಸ್ಸಿಟಾಲೋಪ್ರಾಂ ಕೆಲಸ. ಟ್ರಾಮಡಾಲೂ ನೋವು ಕಡಿಮಿ ಮಾಡ್ತಾ ಅದ ಬಾಗಲಕ್ಕ ಕೈ ಹಾಕ್ತೈತಿ. ಎರಡೂ ಕೂಡಿ ಸೆರೊಟೋನಿನ್ ಮಿತಿ ಮೀರಿದ್ರ ಕೈಕಾಲು ನಡುಗೋದು, ಬೆವರು, ಗಾಬರಿ, ಜ್ವರ, ಭೇದಿ, ಎದಿ ಡವಡವ, ಫಿಟ್ಸ್ ಬರೋ ಭಯಾನೂ ಹೆಚ್ಚು. ಎಲ್ಲಾರಿಗೂ ಆಗೂದಿಲ್ಲ ಖರೆ, ಆದ್ರ ಜೀವಕ್ಕ ಬರ್ತೈತಿ. ಹಂಗೇನರ ಕಂಡ್ರ ಸೀದಾ ದವಾಖಾನಿಗೆ ಒಯ್ಯಿ. ಮಲಗಿದ್ರ ಆರಾಮ ಆಗ್ತಾಳ, ಮುಂಜಾನೆ ನೋಡೂಣು ಅಂತ ಕುಂದರಬ್ಯಾಡ.

ಗಿರ್ಮಿಟ್_ಪ್ರೇಮಿ:
ಐಬುಪ್ರೊಫೆನ್ ಕೊಡ್ರಿ ಸಾಕು, ನಾ ತೊಗೊಂತೇನಿ ಏನೂ ಆಗಿಲ್ಲ

ಗದಗ_ಫಾರ್ಮಸಿ:
ಅಣ್ಣಾ ನಿಂಗ ಆಗಿಲ್ಲಂತ ಅವರವ್ವಗ ಆಗಬಾರದಂತೇನಿಲ್ಲಲಾ. ರಕ್ತದಾಗಿನ ಪ್ಲೇಟ್ಲೆಟ್‌ಗೂ ಹೆಪ್ಪುಗಟ್ಟಾಕ ಸೆರೊಟೋನಿನ್ ಬೇಕು, ಎಸ್ಸಿಟಾಲೋಪ್ರಾಂ ಅಲ್ಲೂ ಅದನ್ನ ಕಡಿಮಿ ಮಾಡ್ತೈತಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡಿದ್ರ ಹೊಟ್ಟ್ಯಾಗ ರಕ್ತ ಸೋರೋ ಸಂಭವ ಹೆಚ್ಚು, ವಯಸ್ಸಾದವರಿಗಂತೂ ಇನ್ನೂ. ಲಿವರ್ ಛಲೋ ಇದ್ರ ಪ್ಯಾರಾಸಿಟಮಾಲ್ ಸಾಧಾರಣ ನಡೀತೈತಿ, ಅದನ್ನೂ ಡಾಕ್ಟರ್‌ಗ ಕೇಳೇ ಕೊಡು.

ಹಾವೇರಿ_ಏಲಕ್ಕಿ:
ಹೊಟ್ಟಿ ತೊಳಸೋದು ನಂಗೂ ಆಗಿತ್ರಿ, ಉಂಡಮ್ಯಾಲೆ ತೊಗೊಂಡ್ರ ತ್ರಾಸ ಕಡಿಮಿ, ವಾರ ಹದಿನೈದ ದಿನಕ್ಕ ಹೋತು. ಮನಸ್ಸಿಗೆ ಗುಣ ಕಾಣಾಕ ಎರಡರಿಂದ ಆರು ವಾರ ಬೇಕು, 12 ದಿನಕ್ಕ ಕೈ ಬಿಡಬ್ಯಾಡ್ರಿ. ನಾ ಆರಾಮ ಅನಿಸ್ತು ಅಂತ ಒಮ್ಮಿಗೇ ಬಿಟ್ಟು ತಲ್ಯಾಗ ಕರೆಂಟ್ ಹೊಡದಂಗ, ತಲಿ ಗರ್ ಅಂದಂಗ ಆಗಿ ಭಾಳ ಒದ್ದಾಡೇನಿ, ಡಾಕ್ಟರ್ ಬೈದು ಮತ್ತ ಚಾಲೂ ಮಾಡಿಸಿ ಸಾವಕಾಶ ಕಡಿಮಿ ಮಾಡಿದ್ರು. ಮತ್ತ ಕೆಮ್ಮಿನ ಔಷಧ ತೊಗೋವಾಗ ಡೆಕ್ಸ್ಟ್ರೊಮೆಥಾರ್ಫಾನ್ ಐತೇನು ನೋಡ್ರಿ, ಅದೂ ಟ್ರಾಮಡಾಲ್‌ನಂಗ ಸೆರೊಟೋನಿನ್ ಏರಸ್ತೈತಿ. ಆ ಅಜ್ಜಿ ಬಿಪಿ ಗುಳಿಗಿ ನುಂಗ್ತಿರಬೇಕಲಾ, ಬಿಡಂದ್ರ ಬಿಡ್ತಾಳೇನು ಕೇಳ್ರಿ 😄

ಉಣಕಲ್_ಹುಡುಗ:
ಪುಣ್ಯಾಕ ಅವ್ವ ಇನ್ನೂ ನುಂಗಿರಲಿಲ್ಲ. ಡಾಕ್ಟ್ರು ಟ್ರಾಮಡಾಲ್ ಬ್ಯಾಡ, ಸದ್ಯ ಪ್ಯಾರಾಸಿಟಮಾಲ್ ಸಾಕು ಅಂದ್ರು. ಸೋಮವಾರ ಚಿಗರಿ ಬಸ್ಸಿಗೆ ಕರಕೊಂಡ ಹೊಂಟೇನಿ, ಮನ್ಯಾಗಿನ ಸ್ಟ್ರಿಪ್ ಎಲ್ಲಾ ಒಂದು ಚೀಲದಾಗ ತುಂಬಿಕೊಂಡು.