ದಾವೆಯನ್ನೂ ‘ಹಿಂಪಡೆ’, ಶುಲ್ಕವನ್ನೂ ‘ಹಿಂಪಡೆ’: ಒಂದೇ ಪದ ಸಾಕೇ?

ಮಾನ್ಯರೇ,

ಮಂಗಳೂರಿನ ವಕೀಲರ ಕಚೇರಿಯೊಂದಕ್ಕೆ ಕಾಗದಪತ್ರಗಳನ್ನು ಕನ್ನಡಕ್ಕೆ ತಂದುಕೊಡುವುದು ನನ್ನ ಕೆಲಸ. ಕಳೆದ ವಾರ ಕೈಗೆ ಬಂದದ್ದು ಒಂದು ರಾಜಿ ಒಪ್ಪಂದ. ಬೈಕಂಪಾಡಿಯಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವವರೊಬ್ಬರು ತಮ್ಮ ಪೇಟೆಂಟಿನ ಉಲ್ಲಂಘನೆಯಾಗಿದೆಯೆಂದು ಇನ್ನೊಬ್ಬ ತಯಾರಕರ ಮೇಲೆ ಹೂಡಿದ್ದ ದಾವೆಯು, ಪ್ರತಿವಾದಿಯು ಯಂತ್ರವೊಂದಕ್ಕೆ ಇಂತಿಷ್ಟು ರಾಯಧನ ಕೊಡುವುದಾಗಿ ಒಪ್ಪಿದ್ದರಿಂದ, ಮಾತುಕತೆಯಲ್ಲೇ ಮುಗಿದಿತ್ತು. ಪ್ರತಿವಾದಿಯೇನಾದರೂ ಪೇಟೆಂಟನ್ನೇ ರದ್ದುಗೊಳಿಸಬೇಕೆಂದು ಪ್ರತಿಹಕ್ಕು ಸಾಧಿಸಿದ್ದರೆ, 1970ರ ಪೇಟೆಂಟ್ ಕಾಯ್ದೆಯ 104ನೇ ಕಲಂ ಪ್ರಕಾರ ಇಡೀ ದಾವೆ ಹೈಕೋರ್ಟಿಗೆ ವರ್ಗವಾಗಿ, ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆದು, ನನಗೆ ಈ ತಲೆನೋವು ಬರುತ್ತಿರಲಿಲ್ಲ.

ಒಪ್ಪಂದದ ಒಂದು ಷರತ್ತನ್ನು ನಾನು ಹೀಗೆ ಬರೆದಿದ್ದೆ: “ವಾದಿಯು ದಾವೆಯನ್ನು ಹಿಂಪಡೆಯತಕ್ಕದ್ದು ಮತ್ತು ತಾನು ಪಾವತಿಸಿದ ನ್ಯಾಯಾಲಯ ಶುಲ್ಕವನ್ನು ಹಿಂಪಡೆಯಲು ಹಕ್ಕುಳ್ಳವನಾಗಿರತಕ್ಕದ್ದು.” ಸಹಿ ಹಾಕಬೇಕಾದ ಕಕ್ಷಿದಾರರು ಅದನ್ನು ಎರಡು ಸಲ ಓದಿ, ಪೆನ್ನಿನ ಮುಚ್ಚಳ ತೆಗೆಯದೆಯೇ ಕೇಳಿದರು: “ಕೇಸು ನಾನು ಬಿಡುವುದು, ದುಡ್ಡು ನನಗೆ ಬರುವುದು, ಅಲ್ವಾ? ಎರಡಕ್ಕೂ ಹಿಂಪಡೆ ಅಂದರೆ ಹೇಗೆ ಮಾರಾಯ್ರೆ?”

ಅವರ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಸಾಧ್ಯವಾಗಲಿಲ್ಲ. ‘ಪಡೆ’ ಎಂದಾಗ ಏನಾದರೊಂದು ಕೈಗೆ ಬರಬೇಕು. ದಾವೆಯನ್ನು ಹಿಂಪಡೆದವನ ಕೈಗೆ ಬರುವುದೇನೂ ಇಲ್ಲ. ನ್ಯಾಯಾಲಯದ ಮುಂದಿಟ್ಟದ್ದನ್ನು ಅವನು ಅಲ್ಲಿಂದ ತೆಗೆಯುತ್ತಾನೆ, ಅಷ್ಟೆ. ಆದ್ದರಿಂದ ಅಲ್ಲಿ ಸಲ್ಲುವುದು ‘ಹಿಂತೆಗೆದುಕೊಳ್ಳು’. ಶುಲ್ಕದ ವಿಷಯದಲ್ಲಿ ಮಾತ್ರ ಕೊಟ್ಟದ್ದು ನಿಜವಾಗಿಯೂ ತಿರುಗಿ ಬರುತ್ತದೆ. ಅಲ್ಲಿ ‘ಹಿಂಪಡೆ’ ಅಥವಾ ‘ಮರಳಿ ಪಡೆ’ ನ್ಯಾಯವಾದ ಪ್ರಯೋಗ. ನಮ್ಮ ಕಡೆಯ ತುಳುವಿನಲ್ಲಿ ಈ ಗೊಂದಲವೇ ಇಲ್ಲ: ಕೇಸನ್ನು ‘ಪಿರ ಗೆತೊಂಡೆ’ ಎನ್ನುತ್ತಾರೆ, ದುಡ್ಡು ‘ಪಿರ ತಿಕ್ಂಡ್’ ಎನ್ನುತ್ತಾರೆ. ಮೊದಲನೆಯದು ತಾನಾಗಿ ಮಾಡಿದ್ದು, ಎರಡನೆಯದು ತನಗೆ ಸಿಕ್ಕಿದ್ದು. ಪತ್ರಿಕೆಗಳು ‘ನಾಮಪತ್ರ ಹಿಂಪಡೆ’ ಎಂದು ಬರೆದು ಬರೆದು ಹಿಂಪಡೆಯ ಅರ್ಥವನ್ನು ಹಿಗ್ಗಿಸಿರುವುದು ನಿಜ; ಆದರೆ ನಾಮಪತ್ರ ಹಿಂಪಡೆದ ಅಭ್ಯರ್ಥಿಗೆ ಠೇವಣಿಯೂ ಹಿಂದಿರುಗುತ್ತದಾದ್ದರಿಂದ ಆ ಸುದ್ದಿಯನ್ನು ಪೂರ್ತಿಯಾಗಿ ಬರೆಯಹೊರಟವರಿಗೂ ಇದೇ ತೊಡಕು ಎದುರಾದೀತು.

ಶುಲ್ಕದ ಬಗ್ಗೆ ‘ಮರುಪಾವತಿ’ ಎಂಬ ಸಿದ್ಧಪದವಿದೆಯಲ್ಲ ಎಂದು ಕಚೇರಿಯ ಕಿರಿಯ ವಕೀಲರು ಹೇಳಿದರು. ಬ್ಯಾಂಕಿನ ಸಾಲ ತೀರಿಸುವುದಕ್ಕೂ ಅದೇ ಪದ ರೂಢಿಯಲ್ಲಿರುವುದರಿಂದ “ವಾದಿಯ ಶುಲ್ಕ ಮರುಪಾವತಿ” ಎಂದರೆ ವಾದಿಯೇ ಇನ್ನೊಮ್ಮೆ ಕಟ್ಟಬೇಕೇನೋ ಎಂಬ ಅನುಮಾನಕ್ಕೆ ಎಡೆಯಿದೆ. ಇನ್ನು ‘ವಸೂಲು’ ಖಂಡಿತ ಸಲ್ಲದು. ವಸೂಲು ಮಾಡುವುದು ಕೊಡಬೇಕಾದವನಿಂದ. ಇಲ್ಲಿ ಹಣ ಬರುವುದು ಎದುರಾಳಿಯಿಂದಲ್ಲ, ಸರಕಾರದ ಬೊಕ್ಕಸದಿಂದ. 1870ರ ನ್ಯಾಯಾಲಯ ಶುಲ್ಕ ಕಾಯ್ದೆಯ 16ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ನ್ಯಾಯಾಲಯವು ಕಕ್ಷಿದಾರರನ್ನು ಮಧ್ಯಸ್ಥಿಕೆ, ಲೋಕ ಅದಾಲತ್ ಮುಂತಾದ ದಾರಿಗಳಿಗೆ ಕಳುಹಿಸಿದಾಗ, ಕಟ್ಟಿದ ಪೂರ್ತಿ ಶುಲ್ಕವನ್ನು ಕಲೆಕ್ಟರರಿಂದ ಮರಳಿ ಪಡೆಯಲು ವಾದಿಗೆ ಪ್ರಮಾಣಪತ್ರ ಕೊಡಲಾಗುತ್ತದೆ. ಕಕ್ಷಿದಾರರು ತಾವಾಗಿಯೇ ಹೊರಗೆ ರಾಜಿಯಾದರೆ ಈ ಸೌಲಭ್ಯವಿಲ್ಲವೇ ಎಂಬ ಪ್ರಶ್ನೆ ತಮಿಳುನಾಡಿನ ಕಾಯ್ದೆಯ ಸಂಬಂಧವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಂಥವರಿಗೂ ಶುಲ್ಕ ಮರಳಿಸಬೇಕೆಂದು 2021ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ವಕೀಲರ ಫೀ, ಓಡಾಟದ ವೆಚ್ಚ ಇತ್ಯಾದಿ ‘ದಾವಾ ಖರ್ಚು’ ಬೇರೆಯೇ ಬಾಬತ್ತು. ಅದನ್ನು ಎದುರಾಳಿಯಿಂದ ‘ವಸೂಲು’ ಮಾಡಬಹುದು, ರಾಜಿಯಲ್ಲಿ ಬಿಟ್ಟುಬಿಡಲೂಬಹುದು.

ನನಗೆ ಹೆಚ್ಚು ಕಷ್ಟವಾದದ್ದು ಇದಲ್ಲ. ಸಂಹಿತೆಯ 23ನೇ ಆದೇಶದ (ನಿಯಮಗಳ ಗುಂಪಿಗೆ ಅಲ್ಲಿ ‘ಆದೇಶ’ವೆಂದು ಹೆಸರು) 1ನೇ ನಿಯಮದಲ್ಲಿ, ಹೊಸ ದಾವೆ ಹೂಡುವ ಸ್ವಾತಂತ್ರ್ಯವನ್ನು ಉಳಿಸಿಕೊಂಡು ನ್ಯಾಯಾಲಯದ ಅನುಮತಿಯಿಂದ ಹಿಂತೆಗೆಯುವುದು ಒಂದು, ದಾವೆಯನ್ನು ಕೈಬಿಡುವುದು ಇನ್ನೊಂದು. ಅನುಮತಿಯಿಲ್ಲದೆ ಹಿಂತೆಗೆದರೂ ಕೈಬಿಟ್ಟರೂ ಅದೇ ವಿಷಯವಾಗಿ ಮತ್ತೆ ದಾವೆ ಹೂಡುವಂತಿಲ್ಲ. 20 ವರ್ಷ ಬಾಳುವ ಪೇಟೆಂಟನ್ನು ಕೈಯಲ್ಲಿಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಅದೇ ಆದೇಶದ 3ನೇ ನಿಯಮದ ದಾರಿ ಮತ್ತೂ ಬೇರೆ: ಅಲ್ಲಿ ದಾವೆಯನ್ನು ಯಾರೂ ಹಿಂತೆಗೆಯುವುದಿಲ್ಲ, ಲಿಖಿತವಾಗಿ ಸಹಿ ಮಾಡಿದ ರಾಜಿಯ ಪ್ರಕಾರ ನ್ಯಾಯಾಲಯವೇ ಡಿಕ್ರಿ (ಅಂತಿಮ ತೀರ್ಮಾನದ ಆದೇಶ) ಕೊಡುತ್ತದೆ, ಎದುರಾಳಿ ರಾಯಧನ ಕೊಡದಿದ್ದರೆ ಆ ಡಿಕ್ರಿಯನ್ನು ಜಾರಿ ಮಾಡಿಸಬಹುದು. ಹೀಗಿರುವಾಗ ಕರಡಿನಲ್ಲಿದ್ದ “ರಾಜಿಯಾಗಿ ಹಿಂಪಡೆಯಲಾಗಿದೆ” ಎಂಬ ಮಾತು ಎರಡು ದಾರಿಗಳನ್ನು ಒಂದೇ ಗಂಟು ಕಟ್ಟಿದಂತಾಗಿತ್ತು. ವಕೀಲರನ್ನು ಕೇಳಿ, 3ನೇ ನಿಯಮವೇ ಸರಿಯೆಂದು ಗೊತ್ತಾದ ಮೇಲೆ, ಆ ಷರತ್ತಿನಲ್ಲಿ ‘ಹಿಂಪಡೆ’ಯನ್ನು ಹೊಡೆದುಹಾಕಿ “ರಾಜಿ ಡಿಕ್ರಿಯಾಗತಕ್ಕದ್ದು” ಎಂದು ಬರೆದೆ.

ಹಳೆಯ ಗುಮಾಸ್ತರೊಬ್ಬರು ಶೀರ್ಷಿಕೆಗೆ ‘ರಾಜಿನಾಮೆ’ ಎಂದು ಹಾಕಿ ಎಂದರು. ಪದದ ಮೂಲ ನೋಡಿದರೆ ಅವರು ಹೇಳಿದ್ದು ತಪ್ಪಲ್ಲ. ಒಪ್ಪಿಗೆಯ ಪತ್ರವೆಂದೇ ಅದರ ಅರ್ಥ. ಆದರೆ ಇಂದು ಯಾವ ಕನ್ನಡಿಗನೂ ಅದನ್ನು ಕೆಲಸ ಬಿಡುವ ಪತ್ರವೆಂದಲ್ಲದೆ ಬೇರೆ ರೀತಿ ಓದಲಾರ.

ಈಗ ಬಲ್ಲವರಲ್ಲಿ ನನ್ನ ಪ್ರಶ್ನೆ. ಮುಂದೆ ನಿಜವಾಗಿಯೂ ಹಿಂತೆಗೆದ ದಾವೆಯ ಆದೇಶವನ್ನು ಕನ್ನಡಿಸುವಾಗ “ಹಿಂತೆಗೆದುಕೊಂಡ ಕಾರಣ ವಜಾ ಮಾಡಲಾಗಿದೆ” ಎಂದು ಬರೆದರೆ, ‘ವಜಾ’ ಕಂಡ ಕೂಡಲೇ ವಾದಿಯು ತಾನು ಸೋತೆನೆಂದು ತಿಳಿಯುತ್ತಾನೆ. “ಮುಕ್ತಾಯಗೊಳಿಸಲಾಗಿದೆ” ಎಂದರೆ ಕಿವಿಗೆ ಹಿತ, ಆದರೆ ಡಿಕ್ರಿಯಾದ ದಾವೆಯೂ ಮುಕ್ತಾಯಗೊಂಡದ್ದೇ. ಉಡುಪಿ, ಧಾರವಾಡ, ಮೈಸೂರಿನ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ಆದೇಶ ಬರೆಯುವವರು ಇಲ್ಲಿ ಯಾವ ಪದ ಬಳಸುತ್ತಿದ್ದಾರೆ ಎಂಬುದನ್ನು, ಸಾಧ್ಯವಾದರೆ ವಾಕ್ಯದ ಸಮೇತ, ತಿಳಿಸಬೇಕಾಗಿ ಕೋರುತ್ತೇನೆ.