ಕವಳ ಬಿಡುವುದು: ತಂಬಾಕು ಮೊದಲೋ, ಅಡಿಕೆಯೂ ಒಟ್ಟಿಗೋ?

ಶಿರಸಿ_ತೋಟಿಗ:
ಅಪ್ಪಯ್ಯನಿಗೆ 61 ವರ್ಷ. ದಿನಕ್ಕೆ ಹತ್ತು–ಹನ್ನೆರಡು ಕವಳ (ಎಲೆ-ಅಡಿಕೆ), ಎಲ್ಲದಕ್ಕೂ ತಂಬಾಕು ಬೇಕು. ಬೆಳಿಗ್ಗೆ ಚಾ ಆದ ಕೂಡಲೇ ಮೊದಲನೆಯದು, ರಾತ್ರಿಯದು ದವಡೆಯಲ್ಲಿದ್ದ ಹಾಗೇ ನಿದ್ದೆ. ಈಗ ಬಿಡಬೇಕು ಎಂದು ಅವರೇ ಹೇಳುತ್ತಿದ್ದಾರೆ. ತಂಬಾಕು ಬಿಟ್ಟು ಬರೀ ಎಲೆ-ಅಡಿಕೆ-ಸುಣ್ಣ ಹಾಕಿದರೆ ಆದೀತೇ? ತೋಟದ ಅಡಿಕೆ ಕೊಯ್ಲಿಗೆ ಇನ್ನು ಮೂರು ವಾರ ಇದೆ, ಅದು ಮುಗಿದ ಮೇಲೆ ಶುರು ಮಾಡುವುದು ಒಳ್ಳೆಯದೇ? ನಿಕೋಟಿನ್ ಗಮ್ ಉಪಯೋಗಕ್ಕೆ ಬರುತ್ತದೆಯೇ?

ಕುಮಟಾ_ದಂತವೈದ್ಯೆ:
ಮೊದಲು ಬಾಯಿ ನೋಡಿ. ಬಾಯಿ ಮುಕ್ಕಳಿಸಿ ಬೆಳಕಿಗೆ ಕೂರಿಸಿ, ಕವಳ ಇಟ್ಟುಕೊಳ್ಳುವ ಬದಿಯ ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಅಂಚು, ಕೆಳತುಟಿಯ ಒಳಗೆ ಪರೀಕ್ಷಿಸಿ. ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡ ಮಾಡದೆ ತೋರಿಸಿ. ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗಬೇಕು. ಹೋಗದಿದ್ದರೆ, ಅಥವಾ ಮೊದಲು ತಿನ್ನುತ್ತಿದ್ದ ಖಾರವೇ ಈಗ ಉರಿಯುತ್ತಿದ್ದರೆ, ಒಳಪದರ ನಾರುಗಟ್ಟುತ್ತಿರುವ ಸಂಶಯ ಪಡಬೇಕು. ಇದಕ್ಕೆ ಮುಖ್ಯ ಕಾರಣ ತಂಬಾಕಲ್ಲ, ಅಡಿಕೆ. ಬಿಟ್ಟ ಮೇಲೂ ಗಟ್ಟಿಯಾದದ್ದು ಪೂರ್ತಿ ಮೆತ್ತಗಾಗುವುದಿಲ್ಲ. ಆದರೆ ಬಿಡದಿದ್ದರೆ ಬಾಯಿ ಇನ್ನೂ ಬಿಗಿಯುತ್ತ ಹೋಗುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಹಾಕಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ ಅಡಿಕೆಯನ್ನೂ ಅದೇ ಸಾಲಿಗೆ ಸೇರಿಸಿತು. ಮನೆ ನಡೆಸುವ ಬೆಳೆಯ ಬಗ್ಗೆ ಹೀಗೆ ಹೇಳಿದರೆ ನಮ್ಮ ಜಿಲ್ಲೆಯಲ್ಲಿ ಸಿಟ್ಟು ಬರುತ್ತದೆ, ಬರಲಿ. ಎಲೆ-ಅಡಿಕೆಯನ್ನು ನಡುವಿನ ಒಂದು ಮೆಟ್ಟಿಲು ಮಾಡಿಕೊಳ್ಳಬಹುದು, ಅಲ್ಲೇ ನಿಲ್ಲಬಾರದು. ರಾತ್ರಿಯದನ್ನಂತೂ ಇವತ್ತೇ ನಿಲ್ಲಿಸಿ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಆರೇಳು ತಾಸು ಅದೇ ರಸ ಅದೇ ಜಾಗವನ್ನು ಸುಡುತ್ತದೆ. ಗಂಟಲಿಗೆ ಜಾರಿದರೆ ಅದು ಬೇರೆಯೇ ಅಪಾಯ.

ಹೆಗ್ಗರಣಿ_ಕಡೆಯವ:
ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಅದಾದ ಮೇಲೆ ಮದುವೆ-ಮುಂಜಿ, ಆಮೇಲೆ ಮಳೆಗಾಲದ ಥಂಡಿ, ನೆವ ಮುಗಿಯುವುದಿಲ್ಲ. ತಂಬಾಕು ನಿಲ್ಲಿಸಿದ ಎರಡನೇ-ಮೂರನೇ ದಿನ ಸಿಡಿಮಿಡಿ, ತಲೆನೋವು ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಈ ವಾರವೇ ನಿಲ್ಲಿಸಿದರೆ ಸುಲಿಯಲು ಕೂರುವ ಹೊತ್ತಿಗೆ ಕಷ್ಟದ ದಿನಗಳು ಹಿಂದೆ ಬಿದ್ದಿರುತ್ತವೆ. ಕೊಯ್ಲಿನ ನಟ್ಟನಡುವೆ ಮಾತ್ರ ಬೇಡ. ಗಮನ ತಪ್ಪುವ ದಿನಗಳಲ್ಲಿ ಮುಂದೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇರಬಾರದು.

ಕಡಿಮೆ ಮಾಡುತ್ತಾ ಬಿಡುವವರು ತಪ್ಪುವುದು ಲೆಕ್ಕದಲ್ಲಿ. ಹನ್ನೆರಡಿದ್ದದ್ದು ಆರಾಗುತ್ತದೆ, ಆದರೆ ಒಂದೊಂದಕ್ಕೂ ತಂಬಾಕಿನ ಎಸಳು ಎರಡು ಪಟ್ಟು. ಕವಳ ಎಣಿಸಬೇಡಿ, ತಂಬಾಕು ಅಳೆಯಿರಿ. ಬೆಳಿಗ್ಗೆಯೇ ಇಡೀ ದಿನದ್ದು ಕತ್ತರಿಸಿ ಸಣ್ಣ ಡಬ್ಬಿಗೆ ಹಾಕಿ, ಖಾಲಿಯಾದರೆ ಅವತ್ತಿಗೆ ಮುಗಿಯಿತು. ಮೂರು ದಿನ ಅರ್ಧ, ಮೂರು ದಿನ ಕಾಲು, ಏಳನೇ ದಿನ ಪೂರ್ತಿ ಇಲ್ಲ. ಸುಣ್ಣವನ್ನೂ ಜೊತೆಜೊತೆಗೆ ಇಳಿಸಿ. ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುವುದು ಸುಣ್ಣದ ಕ್ಷಾರದಿಂದ. ಮುಂದಿನ ಒಂದು ತಿಂಗಳಲ್ಲಿ ಅಡಿಕೆಯನ್ನೂ ಇದೇ ಥರ ಮುಗಿಸಿ. ಕೊನೆಗೆ ಬರೀ ಎಲೆಗೆ ಏಲಕ್ಕಿ ಸುತ್ತಿ ಕೊಡಿ. ಎಲೆ ಮಡಚುವ ಕೈಗೂ ಕೆಲಸ ಬೇಕಲ್ಲ.

ಜಗಲಿಯ ಮೇಲಿನ ಕವಳದ ಬಟ್ಟಲು ಒಳಗೆ ಹೋಗಲಿ. ನೆಂಟರು ಬಂದಾಗ ಆಸರಿ (ಕುಡಿಯಲು ಕೊಡುವುದು) ಆದ ಮೇಲೆ ತಂದಿಟ್ಟು, ಅವರು ಎದ್ದ ಕೂಡಲೇ ಎತ್ತಿಡಿ. ಮರ್ಯಾದೆಗೇನೂ ಕುಂದಿಲ್ಲ.

ಬಾಯಿಗೆ ಒಣ ನೆಲ್ಲಿಕಾಯಿ ಒಳ್ಳೆಯದು. ಅರ್ಧ ಕಿಲೋ ಬೆಟ್ಟದ ನೆಲ್ಲಿ ತುರಿದು, ಎರಡು ಚಮಚ ಉಪ್ಪು, ಒಂದು ಚಮಚ ಜೀರಿಗೆ ಪುಡಿ, ಬೆರಳುದ್ದದ ಶುಂಠಿಯ ತುರಿ ಕಲಸಿ, ತಟ್ಟೆಗೆ ತೆಳ್ಳಗೆ ಹರಡಿ ಮೂರು-ನಾಲ್ಕು ಬಿಸಿಲು ಒಣಗಿಸಿ. ಒಳಗೆ ಹಸಿ ಉಳಿದರೆ ಬೂಸಲು ಬರುತ್ತದೆ. ಬಿಪಿ ಇದ್ದವರಿಗೆ ಉಪ್ಪು ಅರ್ಧ ಚಮಚ ಸಾಕು. ಲವಂಗ ದಿನಕ್ಕೆ ಎರಡಕ್ಕಿಂತ ಬೇಡ, ಬಾಯಿ ಉರಿಯುವವರಿಗೆ ಅದೂ ಬೇಡ. ಅಂಗಡಿಯ ಸಿಹಿ ಸುಪಾರಿ, ತಂಬಾಕಿಲ್ಲದ ಪಾನ್ ಮಸಾಲೆ ಎಲ್ಲ ಅಡಿಕೆಯೇ ಮಾರಾಯ್ರೆ, ಹೆಸರಿಗೆ ಮೋಸ ಹೋಗಬೇಡಿ.

ಕಾರವಾರ_ಔಷಧಂಗಡಿ:
ಗಮ್ ವಿಷಯ. 2 ಮಿಲಿಗ್ರಾಂ ಚೀಟಿ ಇಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೆನಿಸುವವರಿಗೆ ಸಾಮಾನ್ಯವಾಗಿ 4 ಬೇಕಾಗುತ್ತದೆ, ಹಾಗಾಗಿ ನೀವು ವೈದ್ಯರನ್ನೇ ಕಾಣಿ. ಕವಳದವರು ಇದನ್ನೂ ಕವಳದ ಹಾಗೇ ಜಗಿಯುತ್ತಾರೆ. ಆಗ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ನಿಧಾನ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆ-ವಸಡಿನ ನಡುವೆ ಒತ್ತಿಡಬೇಕು. ಚುರು ಇಳಿದ ಮೇಲೆ ಮತ್ತೆ ಜಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬಾಳುತ್ತದೆ. ಹಾಕುವ ಹದಿನೈದು ನಿಮಿಷ ಮೊದಲಿಂದ ಮುಗಿಯುವವರೆಗೆ ಕಾಫಿ, ಅಪ್ಪೆಹುಳಿ, ಮುರುಗಲ ಪಾನಕ, ಮಜ್ಜಿಗೆ ಯಾವುದೂ ಬೇಡ. ಹುಳಿ ಇದ್ದರೆ ನಿಕೋಟಿನ್ ಬಾಯಲ್ಲಿ ಹೀರುವುದೇ ಇಲ್ಲ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸಿ ಹನ್ನೆರಡನೇ ವಾರಕ್ಕೆ ನಿಲ್ಲಿಸುವುದು.

ಗಮ್‌ಗೆ ಅಡಿಕೆಯ ಆಸೆ ಅಡಗುವುದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕರುಳನ್ನೂ ಜೊಲ್ಲನ್ನೂ ಚುರುಕು ಮಾಡುವಂಥದ್ದು. ಬಿಟ್ಟಾಗ ಮಲಬದ್ಧತೆ, ಬಾಯಿ ಒಣಗುವುದು ಇದ್ದದ್ದೇ. 'ಕವಳ ಇಲ್ಲದೆ ಹೊಟ್ಟೆ ಸರಿಯಾಗುವುದಿಲ್ಲ' ಎಂದು ಮತ್ತೆ ಶುರು ಮಾಡುವವರು ಇಲ್ಲೇ ಸೋಲುವುದು. ಬೆಳಿಗ್ಗೆ ಬಿಸಿನೀರು, ಸೊಪ್ಪಿನ ಪಲ್ಯ, ಬಾಳೆಹಣ್ಣು ಮೊದಲ ದಿನದಿಂದಲೇ ಇರಲಿ. ಫೋನಿನಲ್ಲಿ ಸಲಹೆ ಬೇಕಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356.

ಶಿರಸಿ_ತೋಟಿಗ:
ಮೇಲಿನ ಹಲ್ಲು ಸೆಟ್ಟು. ಗಮ್ ಅಂಟೀತೇ?

ಕಾರವಾರ_ಔಷಧಂಗಡಿ:
ಅಂಟುತ್ತದೆ, ಸೆಟ್ಟು ಹಾಳಾಗಲೂಬಹುದು. ಹಾಗಾದರೆ ಮೈಗೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಗ್ಗೆ ವೈದ್ಯರನ್ನು ಕೇಳಿ. ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ. ದಿನಕ್ಕೊಂದು, ಸ್ನಾನವಾಗಿ ಮೈ ಪೂರ್ತಿ ಆರಿದ ಮೇಲೆ, ಕೂದಲಿಲ್ಲದ ತೋಳಿನ ಮೇಲ್ಭಾಗಕ್ಕೆ ಅಂಗೈಯಿಂದ ಹತ್ತು ಸೆಕೆಂಡ್ ಒತ್ತಿ ಹಚ್ಚಬೇಕು. ಎಣ್ಣೆ ಹಚ್ಚಿದ ಮೈಗೆ ನಿಲ್ಲುವುದಿಲ್ಲ, ತೋಟದ ಬೆವರಿಗೆ ಅಂಚು ಏಳುತ್ತದೆ. ದಿನವೂ ಜಾಗ ಬದಲಿಸಿ, ಇಲ್ಲವಾದರೆ ಚರ್ಮ ಕೆಂಪಗಾಗಿ ತುರಿಸುತ್ತದೆ. ತೆಗೆದ ಪ್ಯಾಚಿನಲ್ಲೂ ನಿಕೋಟಿನ್ ಉಳಿದಿರುತ್ತದೆ. ಅಂಟಿನ ಬದಿ ಒಳಗಾಗುವಂತೆ ಮಡಚಿ, ಮಕ್ಕಳು-ನಾಯಿಗೆ ಸಿಗದ ಕಡೆ ಎಸೆಯಿರಿ.