ಮೊದಲನೇ 5 ಇಂಚ್ ಕ್ವಾಡ್, ಥ್ರಾಟಲ್ ಕೊಟ್ರೆ ಸಾಕು ಪಲ್ಟಿ ಹೊಡೀತಿದೆ, ಯಾರಾದ್ರೂ ನೋಡಿ ಹೇಳಿ

ಹೊಸ ರೆಕ್ಕೆ:
ಎಲ್ರಿಗೂ ನಮಸ್ಕಾರ. ಎರಡು ತಿಂಗಳು ಸಿಮ್ಯುಲೇಟರ್‌ನಲ್ಲಿ ಹಾರಿಸಿ ಕೈ ಸ್ವಲ್ಪ ಕೂತ ಮೇಲೆ ನಾನೇ ಒಂದು 5 ಇಂಚ್ ಎಫ್‌ಪಿವಿ ಕ್ವಾಡ್ (ಗಾಗಲ್‌ನಲ್ಲಿ ವಿಡಿಯೋ ನೋಡ್ತಾ ಹಾರಿಸೋ ನಾಲ್ಕು ಮೋಟಾರ್ ಡ್ರೋನ್) ಜೋಡಿಸಿದೀನಿ, ಸೋಲ್ಡರಿಂಗೂ ನಂದೇ, ಸ್ಮೋಕ್ ಸ್ಟಾಪರ್ (ಶಾರ್ಟ್ ಆದ್ರೆ ಕರೆಂಟ್ ತಡೆಯೋದು) ಹಾಕಿ ನೋಡ್ದೆ ಹೊಗೆ ಬರ್ಲಿಲ್ಲ, ಅಲ್ಲೀತನಕ ಖುಷಿ. ಆರ್ಮ್ (ಮೋಟಾರ್ ಚಾಲೂ) ಆಗುತ್ತೆ, ನಾಲ್ಕೂ ಮೋಟಾರ್ ತಿರುಗುತ್ತೆ, ಥ್ರಾಟಲ್ ಕಾಲು ಭಾಗಕ್ಕೆ ಬರೋಷ್ಟರಲ್ಲಿ ಒಂದು ಮೂಲೆ ಎದ್ದು ದಬಕ್ಕನೆ ಬೋರಲು ಬೀಳುತ್ತೆ. ಗಾಗಲ್‌ನಲ್ಲಿ ವಿಡಿಯೋ ಮಾತ್ರ ಸಕ್ಕತ್ ಕ್ಲಿಯರ್, ಆಕಾಶ, ಹುಲ್ಲು, ಆಮೇಲೆ ಬರೀ ಹುಲ್ಲು. ಎರಡು ಸೆಟ್ ಪ್ರಾಪ್ (ಪ್ರೊಪೆಲ್ಲರ್) ಹೋಯ್ತು. ತಾನೇ ಸಮ ನಿಲ್ಲೋ ಆಂಗಲ್ ಮೋಡ್‌ನಲ್ಲೂ ಹಂಗೇ, ಎಲ್ಲಾ ನಾವೇ ಹಿಡಿಯೋ ಆಕ್ರೋದಲ್ಲೂ ಹಂಗೇ. ಮೋಟಾರ್ ಏನಾದ್ರೂ ಹಾಳಾಗಿದ್ಯಾ?

ಸೋಲ್ಡರ್ ಸ್ವಾಮಿ:
ಮೋಟಾರ್ ಹಾಳಾಗಿಲ್ಲ ಗುರು. ಮೊದ್ಲು ಪ್ರಾಪ್ ಬಿಚ್ಚಿ, ನಾಲ್ಕೂ ಬಿಚ್ಚಿ, ಆಮೇಲೆ ಮುಂದಿಂದು ಓದಿ. ನನ್ನ ಎಡಗೈ ತೋರುಬೆರಳಲ್ಲಿ ಒಂದು ಗೆರೆ ಇದೆ, "ಒಂದೇ ನಿಮಿಷ ಚೆಕ್ ಮಾಡ್ತೀನಿ" ಅಂತ ಪ್ರಾಪ್ ಬಿಚ್ಚದೆ ಬ್ಯಾಟರಿ ಹಾಕಿದ್ದಕ್ಕೆ ಸಿಕ್ಕ ಬಹುಮಾನ ಅದು.

ಬೀಟಾಫ್ಲೈಟ್ ಸೆಟ್ಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೋಟಾರ್ಸ್ ಟ್ಯಾಬ್‌ಗೆ ಹೋಗಿ ಒಂದೊಂದೇ ಸ್ಲೈಡರ್ ಸ್ವಲ್ಪ ಎತ್ತಿ. 1 ಅಂದ್ರೆ ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. ಸೆಟ್ಟಿಂಗ್ ಏನೂ ಮುಟ್ಟಿಲ್ಲ ಅಂದ್ರೆ ಮೇಲಿಂದ ನೋಡಿದಾಗ 1 ಮತ್ತೆ 4 ಗಡಿಯಾರದ ಮುಳ್ಳಿನ ಥರ ತಿರುಗ್ಬೇಕು, 2 ಮತ್ತೆ 3 ಅದಕ್ಕೆ ಉಲ್ಟಾ. ಕಣ್ಣಿಗೆ ಗೊತ್ತಾಗಲ್ಲ, ಒಂದು ಪೇಪರ್ ಚೂರನ್ನ ಮೋಟಾರ್ ಪಕ್ಕಕ್ಕೆ ತಾಗಿಸಿ, ಯಾವ ಕಡೆ ಎಳ್ಕೊಂಡು ಹೋಗುತ್ತೆ ಅಂತ ನೋಡಿ. ಪ್ರಾಪ್‌ನಲ್ಲಿ ಅಕ್ಷರ ಇರೋ ಬದಿ ಮೇಲಕ್ಕಿರ್ಬೇಕು, ಎತ್ತರದ ಅಂಚು ತಿರುಗೋ ದಿಕ್ಕಿಗೆ ಮುಂದಿರ್ಬೇಕು. ಹೊಸಬ್ರ ಪಲ್ಟಿ ಹೆಚ್ಚಾಗಿ ಇಷ್ಟರಲ್ಲೇ ಸರಿಹೋಗುತ್ತೆ.

ಟರ್ಬೋ ತಮ್ಮ:
ಪಿಐಡಿ (ಅಲುಗಾಟ ತಿದ್ದೋ ಸೆಟ್ಟಿಂಗ್) ಕಮ್ಮಿ ಮಾಡಿ ನೋಡಿ ಬ್ರೋ

ಸೋಲ್ಡರ್ ಸ್ವಾಮಿ:
ತಮ್ಮಾ, ನೆಲ ಬಿಟ್ಟು ಏಳದೇ ಇರೋ ಕ್ವಾಡ್‌ಗೆ ಪಿಐಡಿ ಯಾಕೆ. ಮುಟ್ಬೇಡಿ ಅದನ್ನ.

ಹೊಸ ರೆಕ್ಕೆ:
ಸಾರ್ ಎಲ್ಲಾ ನೋಡ್ದೆ, ನಂಬರ್ ಸರಿ, ದಿಕ್ಕು ಸರಿ, ಪ್ರಾಪೂ ಸರಿಯಾಗೇ ಹಾಕಿದ್ದೆ. ಇನ್ನೊಂದು ವಿಚಿತ್ರ ಏನಂದ್ರೆ ಪ್ರಾಪ್ ಇಲ್ದೆ ಟೇಬಲ್ ಮೇಲೆ ಆರ್ಮ್ ಮಾಡಿ ಚೂರು ಥ್ರಾಟಲ್ ಕೊಟ್ರೆ ಮೋಟಾರ್ ತಾನಾಗೇ ಸ್ಪೀಡ್ ಏರ್ಕೊಂಡು ಹೋಗುತ್ತೆ, ಸ್ಟಿಕ್ ಕೆಳಗೆ ತಂದ್ರೂ ಇಳಿಯಲ್ಲ. ಹೆದರಿ ಬ್ಯಾಟರಿ ಕಿತ್ತೆ.

ಗೈರೋ ಗಿರಿಜಾ:
ಸ್ಪೀಡ್ ಏರೋದು ಮಾಮೂಲು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಎಫ್‌ಸಿ (ಫ್ಲೈಟ್ ಕಂಟ್ರೋಲರ್) ಕ್ವಾಡನ್ನ ನೆಟ್ಟಗೆ ಮಾಡೋಕೆ ನೋಡುತ್ತೆ, ಪ್ರಾಪ್ ಇಲ್ಲ, ಕ್ವಾಡ್ ಮಿಸುಕಲ್ಲ, ಸಾಲ್ದು ಅಂತ ಇನ್ನೂ ಜಾಸ್ತಿ ಕೊಡುತ್ತೆ. ಏರ್‌ಮೋಡ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಥ್ರಾಟಲ್ ಇಳಿಸಿದ್ರೂ ಬಿಡಲ್ಲ. ಬ್ಯಾಟರಿ ಕೀಳೋ ಬದ್ಲು ಡಿಸಾರ್ಮ್ ಸ್ವಿಚ್ ಹಾಕಿ.

ನನ್ ಡೌಟೇ ಬೇರೆ. ಎಫ್‌ಸಿ ಬೋರ್ಡ್ ಮೇಲೆ ಒಂದು ಸಣ್ಣ ಬಾಣದ ಗುರುತಿರುತ್ತೆ. ಅದು ಯಾವ ಕಡೆ ನೋಡ್ತಿದೆ?

ಹೊಸ ರೆಕ್ಕೆ:
ಬಲಗಡೆ ಮೇಡಂ. ನೇರ ಕೂರಿಸಿದ್ರೆ ಯುಎಸ್‌ಬಿ ಕೇಬಲ್ ಹಾಕೋಕೆ ಫ್ರೇಮ್ ಕಂಬ ಅಡ್ಡ ಬರ್ತಿತ್ತು, ಅದಕ್ಕೆ ಎಫ್‌ಸಿ ಮಾತ್ರ ತಿರುಗಿಸಿ ಕೂರಿಸ್ದೆ, ಕೆಳಗಿನ ಇಎಸ್‌ಸಿ (ಮೋಟಾರ್ ಸ್ಪೀಡ್ ನೋಡ್ಕೊಳ್ಳೋ ಬೋರ್ಡ್) ಹಂಗೇ ನೇರ ಇದೆ. ಅದ್ರಿಂದ ಏನಾದ್ರೂ ಆಗುತ್ತಾ??

ಗೈರೋ ಗಿರಿಜಾ:
ಅದ್ರಿಂದಾನೇ ಎಲ್ಲಾ ಆಗಿರೋದು. ಗೈರೋ (ತಿರುಗಾಟ ಅಳೆಯೋ ಸೆನ್ಸರ್) ಆ ಬೋರ್ಡ್ ಮೇಲೇ ಇರೋದು, ಬಾಣ ನೋಡೋ ಕಡೇನೇ ಮುಂದೆ ಅಂತ ಅದರ ಲೆಕ್ಕ. ಕ್ವಾಡ್ ಮೂತಿ ಮುಂದಕ್ಕೆ ಬಾಗಿದ್ರೆ ಅದು "ಪಕ್ಕಕ್ಕೆ ವಾಲ್ತಿದೀನಿ" ಅಂದ್ಕೊಂಡು ಬೇರೆ ಜೋಡಿ ಮೋಟಾರ್‌ಗೆ ಜೋರು ಕೊಡುತ್ತೆ, ಆ ತಪ್ಪನ್ನ ತಿದ್ದೋಕೆ ಹೋಗಿ ಇನ್ನೊಂದು ತಪ್ಪು ಮಾಡುತ್ತೆ, ಅರ್ಧ ಸೆಕೆಂಡಲ್ಲಿ ಬೋರಲು. ಮೋಟಾರ್ ಟೆಸ್ಟ್‌ನಲ್ಲಿ ಇದು ಸಿಗಲ್ಲ, ಅಲ್ಲಿ ಗೈರೋಗೆ ಕೆಲಸಾನೇ ಇಲ್ಲ.

ಸೆಟಪ್ ಟ್ಯಾಬ್‌ನಲ್ಲಿ ಕ್ವಾಡ್ ಚಿತ್ರ ಇದ್ಯಲ್ಲ, ಕೈಯಲ್ಲಿ ಹಿಡ್ಕೊಂಡು ಮೂತಿ ಕೆಳಗೆ ಮಾಡಿ. ಚಿತ್ರದಲ್ಲೂ ಮೂತೀನೇ ಕೆಳಗೆ ಹೋಗ್ಬೇಕು, ನಿಮ್ದು ಪಕ್ಕಕ್ಕೆ ವಾಲುತ್ತೆ ನೋಡಿ. ಬಿಚ್ಚಿ ಕೂರಿಸೋದೇನೂ ಬೇಡ, ಬೋರ್ಡ್ ಅಲೈನ್‌ಮೆಂಟ್‌ನಲ್ಲಿ ಯಾ (yaw, ಅಡ್ಡಡ್ಡ ತಿರುಗೋ ಕೋನ) 90 ಕೊಟ್ಟು ಸೇವ್ ಮಾಡಿ, ಉಲ್ಟಾ ಬಂದ್ರೆ 270. ಆಮೇಲೆ ಸಮತಟ್ಟು ಜಾಗದಲ್ಲಿಟ್ಟು ಆಕ್ಸೆಲೆರೋಮೀಟರ್ (ವಾಲೋದನ್ನ ಅಳೆಯೋ ಸೆನ್ಸರ್) ಕ್ಯಾಲಿಬ್ರೇಟ್ ಮಾಡಿ, ಇಲ್ದಿದ್ರೆ ಆಂಗಲ್ ಮೋಡ್‌ನಲ್ಲಿ ಒಂದ್ಕಡೆ ಜಾರ್ತಾನೇ ಇರುತ್ತೆ.

ಸೋಲ್ಡರ್ ಸ್ವಾಮಿ:
ಬಾಣ ಕೇಳೋದೇ ಮರೆತೆ ನೋಡಿ, ಮೇಡಂ ಸರಿಯಾಗ್ ಹಿಡಿದ್ರು. ಇನ್ನೊಂದು, ಇಷ್ಟೊತ್ತು ಟೇಬಲ್ ಮೇಲೆ ಬ್ಯಾಟರಿ ಹಾಕಿ ಆಟ ಆಡ್ತಿದೀರಲ್ಲ, ವಿಟಿಎಕ್ಸ್ (ವಿಡಿಯೋ ಕಳಿಸೋ ಟ್ರಾನ್ಸ್‌ಮಿಟರ್) ಮೇಲೆ ಒಂದು ಸಣ್ಣ ಫ್ಯಾನ್ ಗಾಳಿ ಬಿಡಿ, ಆಂಟೆನಾ ಇಲ್ದೆ ಅಂತೂ ಪವರ್ ಕೊಡ್ಲೇಬೇಡಿ. ಹಾರುವಾಗ ಗಾಳಿಗೆ ತಣ್ಣಗಾಗುತ್ತೆ, ಟೇಬಲ್ ಮೇಲೆ ಸುಟ್ಟೋಗುತ್ತೆ.

ಹೊಸ ರೆಕ್ಕೆ:
ಮೇಡಂ ಹಾರ್ತು!!! ನೀವು ಹೇಳ್ದಂಗೇ ಮೂತಿ ಬಗ್ಗಿಸಿದ್ರೆ ಚಿತ್ರ ಪಕ್ಕಕ್ಕೆ ಮಲಗ್ತಿತ್ತು, 90 ಹಾಕಿದ ತಕ್ಷಣ ಸರಿಹೋಯ್ತು. ಹೊಸ ಪ್ರಾಪ್ ಹಾಕಿ ಸೊಂಟದೆತ್ತರಕ್ಕೆ ಎತ್ತಿ ನಿಲ್ಲಿಸ್ದೆ, ಕೈ ನಡುಗ್ತಿತ್ತು ಕ್ವಾಡ್ ನಡುಗಲಿಲ್ಲ. ಸೆಲ್‌ಗೆ 3.5 ವೋಲ್ಟ್ ಬಂದಾಗ ಇಳಿಸಿದೆ, ಮೋಟಾರ್ ಮುಟ್ಟಿದ್ರೆ ಉಗುರು ಬೆಚ್ಚಗಿತ್ತು ಅಷ್ಟೆ. ಇಳಿಯುವಾಗ ಮಾತ್ರ ಎರಡು ಸಲ ಪುಟಿದು ಮಗುಚ್ಕೊಳ್ತು, ಅದೂ ಅಲೈನ್‌ಮೆಂಟಾ?

ಗೈರೋ ಗಿರಿಜಾ:
ಇಲ್ಲ, ಅದು ಏರ್‌ಮೋಡ್. ನೆಲ ಮುಟ್ಟಿದ್ರೂ ಇನ್ನೂ ನೆಟ್ಟಗೆ ಮಾಡೋಕೆ ಒದ್ದಾಡ್ತಿರುತ್ತೆ. ಒಂದು ಗೇಣು ಎತ್ತರ ಇದ್ದಾಗ್ಲೇ ಡಿಸಾರ್ಮ್ ಮಾಡಿ, ಹುಲ್ಲಿನ ಮೇಲೆ ಬಿದ್ರೆ ಏನೂ ಆಗಲ್ಲ.

ಟರ್ಬೋ ತಮ್ಮ:
ನಂದೂ ಒಂದ್ಕಡೆ ಜಾರ್ತಿತ್ತು ಮೂರು ವಾರದಿಂದ ಪಿಐಡಿ ತಿರುಗಿಸ್ತಿದ್ದೆ 😐 ಈಗ ಕ್ಯಾಲಿಬ್ರೇಟ್ ಮಾಡ್ತೀನಿ